ನೆಲ ಮಾಡುತ್ತಿದ್ದ ಕೆಲಸ

ಏಪ್ರಿಲ್ 24ರ ಮಧ್ಯಾಹ್ನ 12 ಗಂಟೆ 17 ನಿಮಿಷದ ಸುಮಾರಿಗೆ ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಆ ಗಳಿಗೆಯಲ್ಲಿ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್ 18ರ ಹೊತ್ತಿಗೆ ಮತ್ತೊಮ್ಮೆ ಹೀಗಾಗುತ್ತದೆ. ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಇದನ್ನು ಶೂನ್ಯ ನೆರಳಿನ ದಿನವೆಂದು ಮಕ್ಕಳಿಗೆ ತೋರಿಸಿ ವಿವರಿಸುತ್ತಾರೆ. ಜಯನಗರದ ಎರಡನೇ ಮಹಡಿಯಲ್ಲಿ ನಾಲ್ಕು ಕುಂಡ ಇಟ್ಟು ಟೊಮೆಟೊ ಬೆಳೆಯಬೇಕೆಂದು ಹೊರಟವರಿಗೂ ಈ ಎರಡು ತಾರೀಖುಗಳು ಬೇಕು. ಅವರ ಬಾಲ್ಕನಿಗೆ ಯಾವ ತಿಂಗಳಲ್ಲಿ ಬಿಸಿಲು ಬೀಳುತ್ತದೆ, ಯಾವ ತಿಂಗಳಲ್ಲಿ ಬೀಳುವುದಿಲ್ಲ ಎಂಬುದು ಇವುಗಳ ಮೇಲೆ ನಿಂತಿದೆ.

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಕಾಲದ ಮನೆಗಳಲ್ಲಿ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಸೈಟಿನಲ್ಲಿ ಮನೆ ಎದ್ದ ಮೇಲೂ ಹಿಂದೆ ಹಿತ್ತಲು ಉಳಿಯುತ್ತಿತ್ತು. ಅಲ್ಲಿ ತೆಂಗು, ಕರಿಬೇವು, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು. ಈಗ ಅದೇ ಸೈಟಿನಲ್ಲಿ ಕೆಳಗೆ ಕಾರು ನಿಲ್ಲುತ್ತದೆ, ಮೇಲೆ ನಾಲ್ಕು ಮಹಡಿ ನಿಂತಿವೆ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆ, ಎಲ್ಲೆಡೆಯೂ ಇದೇ ಕಥೆ. ಹಿತ್ತಲು ಹೋದ ಮನೆಗೆ ದಕ್ಕಿರುವುದು ನಾಲ್ಕಡಿ ಅಗಲ, ಎಂಟಡಿ ಉದ್ದದ ಬಾಲ್ಕನಿ.

ಅಲ್ಲಿ ಸೊಪ್ಪು, ತರಕಾರಿ ಖಂಡಿತ ಬೆಳೆಯುತ್ತವೆ. ಆದರೆ ಕುಂಡವನ್ನು ಸಣ್ಣ ಹೊಲವೆಂದು ತಿಳಿದವರಿಗೆ ಗಿಡ ಸಾಯುವುದು ಏಕೆಂದು ಅರ್ಥವಾಗುವುದಿಲ್ಲ. ನೆಲದಲ್ಲಿ ನಿಂತ ಗಿಡಕ್ಕೆ ಹೆಚ್ಚಾದ ನೀರನ್ನು ಕೆಳಗೆಳೆದುಕೊಳ್ಳುವುದು, ಬೇಕಾದ ನೀರನ್ನು ಕಾಪಿಡುವುದು, ಅನ್ನ ಕೊಡುವುದು, ಬೇರನ್ನು ತಂಪಾಗಿಡುವುದು ಎಲ್ಲವನ್ನೂ ನೆಲವೇ ಮಾಡುತ್ತಿತ್ತು. ಬಾಲ್ಕನಿಯಲ್ಲಿ ಆ ಕೆಲಸಗಳೆಲ್ಲ ನಮ್ಮ ಪಾಲಿಗೆ ಬರುತ್ತವೆ. ಅವನ್ನು ನೋಡುವ ಮುನ್ನ ಬಿಸಿಲಿನ ಲೆಕ್ಕ ಮುಗಿಸೋಣ.

ಮೊದಲು ಬಿಸಿಲು

ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ 24ರಿಂದ ಆಗಸ್ಟ್ 18ರವರೆಗೆ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ. ಆ ದಿನಗಳಲ್ಲಿ ಪೂರ್ವದಿಂದ ತುಸು ಉತ್ತರಕ್ಕೆ ಹುಟ್ಟಿ, ಆಕಾಶದ ಉತ್ತರ ಭಾಗದಲ್ಲೇ ಸಾಗಿ, ಪಶ್ಚಿಮದಿಂದ ತುಸು ಉತ್ತರಕ್ಕೆ ಮುಳುಗುತ್ತಾನೆ. ಸರಿಯಾಗಿ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಈ ನಾಲ್ಕು ತಿಂಗಳು ನೇರ ಬಿಸಿಲು ಒಂದು ಗಳಿಗೆಯೂ ಬೀಳುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರದಿಂದ ಮಾರ್ಚ್ ಮೂರನೇ ವಾರದವರೆಗೆ ಉತ್ತರದ ಬಾಲ್ಕನಿಗೆ ಇದೇ ಗತಿ. ಪೂರ್ವದ ಬಾಲ್ಕನಿಗೆ ವರ್ಷವಿಡೀ ಬೆಳಗಿನ ಬಿಸಿಲಿದೆ. ಪಶ್ಚಿಮದ್ದಕ್ಕೆ ಮಧ್ಯಾಹ್ನದ ಮೇಲಿನ ಬಿಸಿಲಿದೆ, ಮಾರ್ಚ್ ಏಪ್ರಿಲ್‌ಗಳಲ್ಲಿ ಅದು ಸುಡುತ್ತದೆ.

ಎದುರು ಮನೆಯವರ ಮೆಣಸಿನ ಗಿಡ ಜೂನ್‌ನಲ್ಲಿ ಕಾಯಿ ಬಿಟ್ಟು ನಮ್ಮದು ಬರೀ ಉದ್ದಕ್ಕೆ ಬೆಳೆದರೆ, ಕೈಗುಣವನ್ನು ದೂರಬೇಕಿಲ್ಲ. ರಸ್ತೆಯ ಎರಡು ಬದಿಯ ಬಾಲ್ಕನಿಗಳು ಎರಡು ಬೇರೆ ಆಕಾಶಗಳನ್ನು ನೋಡುತ್ತಿರುತ್ತವೆ.

ನಮ್ಮ ಕಣ್ಣು ಇಲ್ಲಿ ಮೋಸ ಹೋಗುತ್ತದೆ. ಪಾಪೆ ಕಿರಿದಾಗಿ ಹಿರಿದಾಗಿ ಬೆಳಕಿಗೆ ಹೊಂದಿಕೊಳ್ಳುವುದರಿಂದ ನೆರಳಿನ ಬಾಲ್ಕನಿಯೂ ನಮಗೆ ಚೆನ್ನಾಗಿ ಬೆಳಗಿದಂತೆ ಕಾಣುತ್ತದೆ. ನಡುಹಗಲಿನ ಬಯಲಿನಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್. ಮೇಲೊಂದು ಸ್ಲ್ಯಾಬ್, ಎದುರಿಗೊಂದು ಕಟ್ಟಡವಿರುವ ನೆರಳಿನ ಬಾಲ್ಕನಿಯಲ್ಲಿ ಅದು ಕೆಲವೇ ಸಾವಿರ ಲಕ್ಸ್‌ಗೆ ಇಳಿದಿರುತ್ತದೆ. ಮೊಬೈಲಿನ ಲಕ್ಸ್ ಮೀಟರ್ ಹಿಡಿದು ಕಂಬಿಯ ಬಳಿ ಒಮ್ಮೆ, ಗೋಡೆಯ ಬಳಿ ಒಮ್ಮೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಕಂಬಿಯ ಬದಲು ಮೂರಡಿ ಗೋಡೆ ಇದ್ದರೆ ಇನ್ನೊಂದು ತೊಡಕು. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯನ ಎತ್ತರ ಸುಮಾರು 54 ಡಿಗ್ರಿ. ಆಗ ದಕ್ಷಿಣದ ಗೋಡೆಯ ನೆರಳು ಒಳಗೆ ಎರಡು ಅಡಿಗೂ ಹೆಚ್ಚು ಚಾಚುತ್ತದೆ. ನೆಲದ ಮೇಲಿಟ್ಟ ಕುಂಡ ಪೂರ್ತಿ ಅದರಲ್ಲಿ ಮುಳುಗುತ್ತದೆ. ಎರಡಡಿ ಎತ್ತರದ ಸ್ಟ್ಯಾಂಡ್ ಹಾಕಿ ಏರಿಸಿದರೆ ಅದೇ ಗಿಡಕ್ಕೆ ಬಿಸಿಲು ಸಿಗುತ್ತದೆ.

ಯಾವ ಗಿಡ ಎಂಬುದು ಈ ಅಳತೆ ಆದ ಮೇಲಿನ ಮಾತು. ಹಣ್ಣು, ಕಾಯಿ ಬಿಡಲು ಗಿಡ ಸಕ್ಕರೆಯನ್ನು ಕೂಡಿಡಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಆರು ಗಂಟೆಯ ನೇರ ಬಿಸಿಲು ಬೇಕು. ಎಲೆಗಾಗಿ ಬೆಳೆಯುವ ಮೆಂತ್ಯ, ಕೊತ್ತಂಬರಿ, ಪಾಲಕ್ ಮೂರ್ನಾಲ್ಕು ಗಂಟೆಯಲ್ಲಿ ನಿಭಾಯಿಸುತ್ತವೆ. ಪುದೀನ, ಒಂದೆಲಗ, ದೊಡ್ಡಪತ್ರೆಗೆ ಅರೆ ನೆರಳಾದರೂ ಸಾಕು. ಪಶ್ಚಿಮದ ಸುಡು ಬಿಸಿಲಿಗೆ ಹೇಳಿ ಮಾಡಿಸಿದ ಸೊಪ್ಪು ದಂಟು. ರಾಗಿ, ಜೋಳಗಳಂತೆ ಇದೂ ಸಿ4 ಗುಂಪಿನ ಸಸ್ಯ. ಈ ಗುಂಪಿನವು ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿದು, ಎಲೆಯ ಒಳಗಿನ ಬೇರೊಂದು ಪದರದ ಕೋಶಗಳಿಗೆ ಸಾಗಿಸಿ, ಅಲ್ಲಿ ದಟ್ಟವಾಗಿಸಿ ಸಕ್ಕರೆ ಮಾಡುತ್ತವೆ. ಹಾಗಾಗಿ ಬಿಸಿ ಏರಿದಾಗಲೂ ಕೆಲಸ ನಿಲ್ಲುವುದಿಲ್ಲ, ಎಲೆಯ ರಂಧ್ರಗಳನ್ನು ಅಗಲಿಸಿ ನೀರು ಕಳೆದುಕೊಳ್ಳಬೇಕಾಗಿಯೂ ಇಲ್ಲ. ಕೊತ್ತಂಬರಿ ಹೂ ಬಿಟ್ಟು ಮುಗಿದುಹೋಗುವ ಏಪ್ರಿಲ್ ಬಿಸಿಲಿನಲ್ಲಿ ದಂಟು ಸೊಂಪಾಗಿ ನಿಲ್ಲುವುದು ಇದರಿಂದ.

ತಳದಲ್ಲಿ ನಿಲ್ಲುವ ನೀರು

ಕುಂಡದ ಗಿಡ ಬಾಯಾರಿಕೆಯಿಂದ ಸಾಯುವುದಕ್ಕಿಂತ ಉಸಿರುಗಟ್ಟಿ ಸಾಯುವುದು ಹೆಚ್ಚು. ತಳದಲ್ಲಿ ತೂತಿದೆ, ಹೆಚ್ಚಾದ ನೀರು ಹರಿದುಹೋಗುತ್ತದೆ ಎಂದು ನಾವು ನಂಬಿರುತ್ತೇವೆ. ಹರಿಯುತ್ತದೆ, ಆದರೆ ಪೂರ್ತಿಯಾಗಿ ಹರಿಯುವುದಿಲ್ಲ.

ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಅಂಗೈಯಲ್ಲಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಅದರ ರಂಧ್ರಗಳೂ ಅವೇ. ಬದಲಾದದ್ದು ಎತ್ತರ ಮಾತ್ರ. ಸಣ್ಣ ರಂಧ್ರಗಳು ಲೋಮನಾಳ ಕ್ರಿಯೆಯಿಂದ ನೀರನ್ನು ಹಿಡಿದಿಡುತ್ತವೆ. ಭೂಮಿಯ ಸೆಳೆತ ಅದನ್ನು ಕೆಳಗೆಳೆಯುತ್ತದೆ. ತಳದಿಂದ ಒಂದು ಎತ್ತರದವರೆಗೆ ಹಿಡಿತವೇ ಗೆಲ್ಲುತ್ತದೆ, ಅಷ್ಟು ಭಾಗ ಸದಾ ನೀರಿನಿಂದ ತುಂಬಿಯೇ ಇರುತ್ತದೆ. ಈ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ರಂಧ್ರಗಳ ಗಾತ್ರ. ಕುಂಡದ ಅಗಲಕ್ಕೂ ತೂತಿನ ಸಂಖ್ಯೆಗೂ ಅದರಲ್ಲಿ ಪಾತ್ರವಿಲ್ಲ.

ಈ ಪದರ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆರಂಗುಲದ ಕುಂಡದಲ್ಲಿ ಅದು ಮೂರನೇ ಒಂದು ಪಾಲು. ಹನ್ನೆರಡಂಗುಲದ ಕುಂಡದಲ್ಲಿ ಆರನೇ ಒಂದು ಪಾಲು. ಎತ್ತರದ ಕುಂಡ ಬೇಗ ಕೈಹಿಡಿಯುವುದು ಇದರಿಂದ. ನೆಲದಲ್ಲಾದರೆ ಈ ತೊಂದರೆಯೇ ಇಲ್ಲ. ಅಲ್ಲಿ ಕೆಳಗೆ ಇನ್ನೂ ಹತ್ತಾರು ಅಡಿ ಮಣ್ಣಿರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತಲೇ ಹೋಗುತ್ತದೆ.

ನೀರು ಇಳಿಯಲೆಂದು ತಳಕ್ಕೆ ಜಲ್ಲಿ, ಹೆಂಚಿನ ಚೂರು ತುಂಬುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಭೌತಶಾಸ್ತ್ರ ಅದಕ್ಕೆ ಒಪ್ಪುವುದಿಲ್ಲ. ಸಣ್ಣ ರಂಧ್ರದಲ್ಲಿ ಹಿಡಿದುಕೊಂಡ ನೀರು ಜಲ್ಲಿಯ ದೊಡ್ಡ ಸಂದಿಗೆ ತಾನಾಗಿ ಇಳಿಯದು, ಮೇಲಿನ ಮಣ್ಣು ನೀರುಂಡು ತುಂಬಿದ ಮೇಲೆ ಮಾತ್ರ ಇಳಿಯುತ್ತದೆ. ಆಗ ಆ ಒದ್ದೆ ಪದರ ಜಲ್ಲಿಯ ಮೇಲೆ ಏರಿ ಕೂರುತ್ತದೆ, ಬೇರಿಗೆ ಸಿಗುವ ಜಾಗ ಇನ್ನಷ್ಟು ಕಿರಿದಾಗುತ್ತದೆ. ತೂತಿನಿಂದ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಅಥವಾ ಬಲೆಯ ತುಂಡು ಸಾಕು.

ಒದ್ದೆ ಪದರ ಅಪಾಯಕಾರಿ ಏಕೆಂದರೆ ಬೇರು ಉಸಿರಾಡಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಉಸಿರಿಲ್ಲದ ಬೇರು ನೀರನ್ನು ಮೇಲೆತ್ತುವುದನ್ನು ನಿಲ್ಲಿಸುತ್ತದೆ, ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಎಲೆ ಬಾಡಿದಾಗ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ತೂರಿಸಬೇಕು. ಒಳಗೆ ತೇವವಿದ್ದರೆ ಗಿಡ ಕೇಳುತ್ತಿರುವುದು ಗಾಳಿಯನ್ನು.

ಮಣ್ಣಿನ ತೂಕ, ಕಟ್ಟಡದ ತಾಕತ್ತು

ಬೆಂಗಳೂರಿನ ಸುತ್ತಲ ಕೆಂಪು ಮಣ್ಣು ಹೊಲದಲ್ಲಿ ಒಳ್ಳೆಯದು. ಎರೆಹುಳು, ಬೇರು, ಗೆದ್ದಲು ಅದನ್ನು ಸಡಿಲವಾಗಿಡುತ್ತವೆ. ಕುಂಡದಲ್ಲಿ ದಿನವೂ ಸುರಿಯುವ ನೀರಿಗೆ ಅದರ ಹರಳುಗಳು ಒಡೆದು, ಕೂತು, ಒಣಗಿದಾಗ ಗಟ್ಟಿ ಬಿಲ್ಲೆಯಾಗುತ್ತದೆ. ಅದಕ್ಕೇ ಕೆಂಪು ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಈ ಮೂರನ್ನು ಸಮಪಾಲು ಬೆರೆಸುವುದು ಬಾಲ್ಕನಿ ಬೇಸಾಯಗಾರರ ರೂಢಿ. ಕೊಕೊಪೀಟ್ ಎಂದು ಅಂಗಡಿಯಲ್ಲಿ ಇಟ್ಟಿಗೆಯಾಗಿ ಸಿಗುವ ಈ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದೂ ಗಾಳಿಗೆ ಜಾಗ ಬಿಡುತ್ತದೆ. ತೊಳೆಯದ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ, ಆದ್ದರಿಂದ ಎರಡು ಮೂರು ನೀರಿನಲ್ಲಿ ನೆನೆಸಿ ಬಸಿದು ಬಳಸಬೇಕು.

ಹಗುರ ಮಿಶ್ರಣದ ಇನ್ನೊಂದು ಲಾಭವನ್ನು ಎಂಜಿನಿಯರುಗಳು ಹೇಳುತ್ತಾರೆ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಮನೆಗಳ ಬಾಲ್ಕನಿಯನ್ನು ವಿನ್ಯಾಸ ಮಾಡುವಾಗ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರವನ್ನು ಹಿಡಿಯುತ್ತಾರೆ. ಒಂದು ಚದರ ಮೀಟರಿನಲ್ಲಿ ಒಂದಡಿ ಆಳಕ್ಕೆ ಮಣ್ಣು ತುಂಬಿದರೆ ಅದು 300 ಲೀಟರ್. ಒದ್ದೆ ಕೆಂಪು ಮಣ್ಣಾದರೆ ತೂಕ 500 ಕಿಲೋ ದಾಟುತ್ತದೆ. ನಾರಿನ ಪುಡಿ ಮತ್ತು ಕಾಂಪೋಸ್ಟೇ ಹೆಚ್ಚಿರುವ ಮಿಶ್ರಣ ಅದರ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಾಲ್ಕನಿಯಲ್ಲಿ ಮನುಷ್ಯರೂ ನಿಲ್ಲಬೇಕು ಎಂಬುದು ನೆನಪಿರಲಿ. ಗೋಡೆಯಿಂದ ಹೊರಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರ ಅಂಚಿಗೆ ಹೋದಷ್ಟೂ ಬುಡದ ಮೇಲಿನ ಒತ್ತಡ ಏರುತ್ತದೆ. ಕರಿಬೇವಿನ ದೊಡ್ಡ ಕುಂಡ ಗೋಡೆಯ ಪಕ್ಕದಲ್ಲಿರಲಿ, ಕಂಬಿಯ ಬಳಿ ಕೊತ್ತಂಬರಿಯ ಹಗುರ ತೊಟ್ಟಿಗಳಿರಲಿ. ಮನೆ ಹಳೆಯದಾಗಿದ್ದು ಸ್ಲ್ಯಾಬಿನಲ್ಲಿ ಬಿರುಕು, ಕಂಬಿಯ ತುಕ್ಕು ಕಂಡರೆ ಬಲ್ಲವರಿಗೆ ತೋರಿಸದೆ ಕುಂಡ ಏರಿಸಬಾರದು.

ಕಾವೇರಿಯ ಲೆಕ್ಕ

ದಕ್ಷಿಣ ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಆಗಿ ಬರುತ್ತದೆ. ಮಳೆ ಕೈಕೊಟ್ಟ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹಾಗಾಗಿ ಕುಂಡಕ್ಕೆ ಎಷ್ಟು ನೀರು ಬೇಕೆಂದು ತಿಳಿಯುವುದು ಊರಿನ ಮೇಲಿನ ಕಾಳಜಿಯೂ ಹೌದು.

ಬೇಸಿಗೆಯ ಒಂದು ದಿನದಲ್ಲಿ ನೆಲ ಮತ್ತು ಎಲೆಗಳಿಂದ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 5 ಲೀಟರ್ ಎಂದಾಯಿತು. ಹನ್ನೆರಡಂಗುಲ ಬಾಯಿಯ ಕುಂಡದ ಮೇಲ್ಮೈ 0.07 ಚದರ ಮೀಟರ್, ಆವಿಯಾಗುವುದು ಮೂರನೇ ಒಂದು ಲೀಟರ್. ಗಿಡ ಹಬ್ಬಿ ಎಲೆಗಳು ಕುಂಡದ ಎರಡರಷ್ಟು ಜಾಗ ಆವರಿಸಿದ್ದರೆ ಮುಕ್ಕಾಲು ಲೀಟರಿನ ಹತ್ತಿರ. ಹತ್ತು ಕುಂಡಕ್ಕೆ ಏಳೆಂಟು ಲೀಟರ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದರೆ ನಾಲ್ವರ ಮನೆಯಲ್ಲಿ ಇದರ ಬಹುಪಾಲು ಸಿಕ್ಕಿಬಿಡುತ್ತದೆ. ಒಣ ಎಲೆಗಳಿಂದ ಕುಂಡದ ಮೇಲೆ ಮುಚ್ಚಿಗೆ ಹಾಕಿದರೆ ಅಗತ್ಯ ಇನ್ನೂ ತಗ್ಗುತ್ತದೆ.

ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಎಚ್ಚರ ಬೇಕು. ಬಂದ ನೀರಿನ ಲವಣವೆಲ್ಲ ಅದರಲ್ಲೇ ಒಟ್ಟಾಗಿರುತ್ತದೆ. ಬೋರ್‌ವೆಲ್ ನೀರಾದರಂತೂ ಗಡಸು ಹೆಚ್ಚು. ನೆಲದಲ್ಲಿ ಮಳೆ ಬಂದು ಲವಣವನ್ನು ಕೆಳಗೆ ತೊಳೆದೊಯ್ಯುತ್ತದೆ, ಸೂರಿನ ಕೆಳಗಿನ ಕುಂಡಕ್ಕೆ ಆ ಭಾಗ್ಯವಿಲ್ಲ. ಕುಂಡದ ಅಂಚಿನಲ್ಲಿ ಬಿಳಿ ಪೊರೆ, ಎಲೆಯಂಚು ಸುಟ್ಟಂತಾಗುವುದು ಲವಣದ ಗುರುತು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಗಡಸು ನೀರು ಮಣ್ಣನ್ನು ಕ್ಷಾರವಾಗಿಸಿ ಕಬ್ಬಿಣಾಂಶವನ್ನು ಬೇರಿಗೆ ಸಿಗದಂತೆ ಮಾಡಿರಬಹುದು. ಮಳೆಗಾಲದಲ್ಲಿ ಕುಂಡಗಳನ್ನು ಒಂದೆರಡು ದಿನ ತಾರಸಿಗೆ ಒಯ್ದು ಜೋರು ಮಳೆಗೆ ಒಡ್ಡಿದರೆ ಲವಣ ತೊಳೆದುಹೋಗುತ್ತದೆ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೆ ಒಮ್ಮೆಯಾದರೂ ಚೆಲ್ಲಿ ಒರೆಸಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರದಿಂದ ಹತ್ತು ದಿನ ಸಾಕು.

ಅಡುಗೆಮನೆಯಿಂದ ಗೊಬ್ಬರ

ನೀರು ಹಾಕಿದಾಗಲೆಲ್ಲ ಕುಂಡದಿಂದ ನೈಟ್ರೇಟ್ ತೊಳೆದುಹೋಗುತ್ತದೆ. ನೆಲದಲ್ಲಾದರೆ ಆಳಕ್ಕಿಳಿದ ಬೇರು ಅದನ್ನು ಮತ್ತೆ ಹಿಡಿದೀತು. ಕುಂಡಕ್ಕೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಕೊಡುತ್ತಲೇ ಇರಬೇಕು. ಅದು ಸಿಪ್ಪೆ, ಕಾಫಿ ಚರಟ, ತೊಟ್ಟುಗಳಿಂದ ಮನೆಯಲ್ಲೇ ತಯಾರಾಗಬಲ್ಲದು. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡೈಲಿ ಡಂಪ್ ಸಂಸ್ಥೆಯ ಮಣ್ಣಿನ ಮಡಕೆಗಳ ಕಂಬ ಇಲ್ಲಿನ ಎಷ್ಟೋ ಬಾಲ್ಕನಿಗಳಲ್ಲಿ ಇದೇ ಕೆಲಸ ಮಾಡುತ್ತಿದೆ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣಗಿದೆಲೆಯಲ್ಲಿ ಇಂಗಾಲ ಹೆಚ್ಚು. ಮಡಕೆ ನಾರುತ್ತಿದ್ದರೆ ಒಣ ಎಲೆ ಸಾಲದಾಗಿದೆ ಎಂದರ್ಥ, ಅದಕ್ಕೆ ಜಯನಗರದ ಸಾಲುಮರಗಳ ಕೆಳಗೆ ಕೊರತೆಯಿಲ್ಲ.

ಈ ಜ್ಞಾನವನ್ನು ಊರಿಗೆ ಹಂಚಿದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರ ಹೆಸರು ಮೊದಲು ಬರುತ್ತದೆ. ರಾಸಾಯನಿಕವಿಲ್ಲದ ತಾರಸಿ ತೋಟವನ್ನು ಅವರು ಕಾರ್ಯಾಗಾರಗಳ ಮೂಲಕ ಸಾವಿರಾರು ಜನರಿಗೆ ಕಲಿಸಿದರು. 2011ರಲ್ಲಿ ಆರಂಭವಾದ ‘ಊಟ ಫ್ರಂ ಯುವರ್ ತೋಟ’ ಎಂಬ ಸಂತೆ ಬೀಜ, ಗೊಬ್ಬರ, ಅನುಭವ ಎಲ್ಲವೂ ಕೈ ಬದಲಾಗುವ ಜಾಗವಾಯಿತು.

ಬರುವವರು, ಬಾರದವರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಈ ಎತ್ತರ ಕೊಡುವ ತಂಪು ರಾತ್ರಿಗಳಿಂದ ಟೊಮೆಟೊ ಇಲ್ಲಿ ವರ್ಷದ ಬಹುಭಾಗ ಕಾಯಿ ಕಚ್ಚುತ್ತದೆ. ಆದರೂ ಮೇಲಿನ ಮಹಡಿಗಳಲ್ಲಿ ಹೂ ಬಿಟ್ಟು ಉದುರುವುದುಂಟು. ಟೊಮೆಟೊ, ಬದನೆಯ ಪರಾಗ ಕೊಳವೆಯಂಥ ಪರಾಗಕೋಶದೊಳಗೆ ಇರುತ್ತದೆ, ಅಲುಗಿದರೆ ಮಾತ್ರ ಉದುರುತ್ತದೆ. ನೀಲಿ ಪಟ್ಟಿಯ ಜೇನು, ಮರ ಕೊರೆಯುವ ದುಂಬಿ ಹೂವನ್ನು ಕಚ್ಚಿ ಹಿಡಿದು ಮೈ ಕಂಪಿಸಿ ಪರಾಗ ಉದುರಿಸುತ್ತವೆ, ತುಡುವೆ ಜೇನಿಗೆ ಆ ವಿದ್ಯೆ ಬಾರದು. ಗಾಳಿಯೂ ಆಡದ ಮೂಲೆಯಾದರೆ ಬೆಳಗಿನ ಹೊತ್ತು ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕೆಲಸವಾಗುತ್ತದೆ.

ಕರೆಯದೆ ಬರುವವರೂ ಇದ್ದಾರೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿ ಪಪ್ಪಾಯಿ, ಬದನೆ, ದಾಸವಾಳಗಳನ್ನು ಹಿಂಡಿತು. ಔಷಧ ಹೊಡೆದರೂ ಅದರ ಮೈಯ ಮೇಣ ಅದನ್ನು ಕಾಯುತ್ತಿತ್ತು. 2010ರಲ್ಲಿ ಹೆಬ್ಬಾಳದಲ್ಲಿರುವ, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎನಿಸಿಕೊಂಡಿರುವ ಸಂಸ್ಥೆ, ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಅಸೆರೋಫೇಗಸ್ ಪಪಾಯೆ ಎಂಬ ಸೂಕ್ಷ್ಮ ಕಣಜವನ್ನು ಪೋರ್ಟೊ ರಿಕೊದಿಂದ ತರಿಸಿ ಬಿಟ್ಟಿತು. ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು. ಬಾಲ್ಕನಿಗೆ ಇದರ ಪಾಠ ನೇರವಾಗಿದೆ. ಘಾಟು ಔಷಧ ಸಿಂಪಡಿಸಿದರೆ ಮೊದಲು ಸಾಯುವುದು ಇಂಥ ಮಿತ್ರಕೀಟಗಳು. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸೋಪಿನ ತಿಳಿನೀರು, ಕೀಟದ ಪೊರೆ ಕಳಚುವಿಕೆಯನ್ನು ಕೆಡಿಸುವ ಬೇವಿನೆಣ್ಣೆ, ಹತ್ತು ಕುಂಡಕ್ಕೆ ಇಷ್ಟು ಸಾಕು.

ಅವರೆಗೆ ಬೇಕಾದ ಕತ್ತಲು

ವಿ.ವಿ. ಪುರದಲ್ಲಿ ಜನವರಿಯಲ್ಲಿ ಅವರೆ ಮೇಳ ನಡೆಯುವುದು ಕಾಕತಾಳೀಯವಲ್ಲ. ಮುಂಗಾರಿನಲ್ಲಿ ಬಿತ್ತಿದ ನಾಟಿ ಅವರೆ ತಿಂಗಳುಗಟ್ಟಲೆ ಬರೀ ಬಳ್ಳಿಯಾಗಿ ಹಬ್ಬಿ, ಹಗಲು ಕುಗ್ಗಿದ ಮೇಲೆ ಹೂ ಬಿಡುತ್ತದೆ. ಬೆಂಗಳೂರಿನಲ್ಲಿ ಜೂನ್‌ನ ದೀರ್ಘ ಹಗಲಿಗೂ ಡಿಸೆಂಬರಿನ ಕಿರುಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಗಡಿಯಾರವಿಲ್ಲದ ಬಳ್ಳಿ ಇದನ್ನು ಫೈಟೋಕ್ರೋಮ್ ಎಂಬ ವರ್ಣಕದ ಮೂಲಕ ಅಳೆಯುತ್ತದೆ. ಅದು ಅಳೆಯುವುದು ಹಗಲಿನ ಉದ್ದಕ್ಕಿಂತ ತಡೆಯಿಲ್ಲದ ಕತ್ತಲಿನ ಉದ್ದವನ್ನು. ನಡುರಾತ್ರಿ ಬೆಳಕು ಬಿದ್ದರೆ ಎಣಿಕೆ ಮುರಿಯುತ್ತದೆ. ಇದೇ ಸ್ವಭಾವದ ಸೋಯಾ ಅವರೆ ಬೀದಿದೀಪದ ಬಳಿ ಹೂ ಬಿಡದೆ ಹಸಿರಾಗಿಯೇ ಉಳಿಯುವುದನ್ನು ಹೊಲಗಳಲ್ಲಿ ಕಂಡಿದ್ದಾರೆ. ಬಾಲ್ಕನಿಯ ಮುಂದೆ ಎಲ್ಇಡಿ ಬೀದಿದೀಪವಿದ್ದರೆ ನಾಟಿ ಅವರೆಯ ಆಸೆ ಬಿಟ್ಟು, ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವಂತೆ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ-4 ಹಾಕುವುದು ಮೇಲು. ಅದು ಕುಳ್ಳ ಪೊದೆ, ಕುಂಡಕ್ಕೂ ಒಗ್ಗುತ್ತದೆ.

ಎಷ್ಟು ಸಿಗುತ್ತದೆ?

ಮೂರು ಚದರ ಮೀಟರ್ ಬಾಲ್ಕನಿ ಯಾರ ಹೊಟ್ಟೆಯನ್ನೂ ತುಂಬಿಸದು. ಸೊಪ್ಪಿನಲ್ಲಿರುವ ಕ್ಯಾಲರಿ ತೀರಾ ಕಡಿಮೆ. ಅದು ಕೊಡುವುದು ಬೇರೆ. ಕೊಯ್ದ ಎಲೆ ಉಸಿರಾಡುತ್ತಲೇ ಇರುತ್ತದೆ, ಅದರ ಸಿ ಜೀವಸತ್ವ ಗಂಟೆ ಗಂಟೆಗೂ ಇಳಿಯುತ್ತದೆ. ಸಾರು ಕುದಿಯುವಾಗ ಕಿತ್ತು ತಂದ ಕೊತ್ತಂಬರಿಗೆ ಆ ನಷ್ಟವಿಲ್ಲ. ಪುದೀನ, ದಂಟು, ಮೆಂತ್ಯ, ಕರಿಬೇವು ನಾಲ್ಕೇ ಇದ್ದರೂ ಮನೆಯ ಊಟದ ರುಚಿ ಬದಲಾಗುತ್ತದೆ.

ಇನ್ನೊಂದು ಫಲ ತೂಕಕ್ಕೆ ಸಿಗುವಂಥದ್ದಲ್ಲ. ನೀರು ಬಸಿಯಲು, ಗಾಳಿ ಆಡಿಸಲು, ಗೊಬ್ಬರ ಮಾಡಲು, ಲವಣ ತೊಳೆಯಲು, ಪರಾಗ ಉದುರಿಸಲು ಒಂದು ವರ್ಷ ಕೈಯಾರೆ ದುಡಿದವರಿಗೆ ಬರಿಯ ನೆಲ ಎಷ್ಟು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತೆಂದು ಗೊತ್ತಾಗುತ್ತದೆ. ಅಂಥವರು ನಮ್ಮ ಬಡಾವಣೆಗಳಲ್ಲಿ ಹೆಚ್ಚಬೇಕು. ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ ಕಾಂಪೌಂಡಿನ ಪಕ್ಕ ಮೂರಡಿ ಮಣ್ಣನ್ನು ಕಾಂಕ್ರೀಟಿಲ್ಲದೆ ಬಿಡಿಸುವವರು, ಫುಟ್‌ಪಾತಿನ ಹೊಂಗೆಮರದ ಬುಡದವರೆಗೂ ಸಿಮೆಂಟು ಬಳಿಯಲು ಬಂದಾಗ ತಡೆದು ಕಾರಣ ಹೇಳುವವರು ಅವರೇ. ಈ ತಿಂಗಳು ನಿಮ್ಮ ಬಾಲ್ಕನಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆಂದು ಒಂದು ಭಾನುವಾರ ಬರೆದಿಡಿ, ಅದಕ್ಕೆ ಹೊಂದುವ ಒಂದು ಸೊಪ್ಪಿನ ಬೀಜ ಚೆಲ್ಲಿ. ಉಳಿದದ್ದನ್ನು ಗಿಡವೇ ಕೇಳಿ ಮಾಡಿಸಿಕೊಳ್ಳುತ್ತದೆ.